ಮೇಲಿನ ಕೋರೆಹಲ್ಲು

ಹಲ್ಲುನೋವು ತಾನಾಗಿಯೇ ಹೋಯಿತು ಎಂದು ಯಾರಾದರೂ ಖುಷಿಯಿಂದ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹನ್ನೊಂದು ವರ್ಷದಿಂದ ಗದಗಿನ ಒಂದು ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆಸರು ಬರೆದುಕೊಳ್ಳುವುದು, ಸರದಿ ಕೂಗುವುದು, ಡಾಕ್ಟರ ಪಕ್ಕ ನಿಂತು ಸಾಮಾನು ಕೊಡುವುದು, ಬಾಯಿಯ ನೀರು ಎಳೆಯುವ ನಳಿಗೆ ಹಿಡಿಯುವುದು ಎಲ್ಲ ನನ್ನದೇ. ಚಿಕಿತ್ಸೆ ಇಲ್ಲದೆ ನೋವು ನಿಂತಿತು ಎಂದರೆ ಹಲ್ಲಿನೊಳಗಿನ ನರ ಸತ್ತಿತು ಎಂದು ತಿಳಿಯಬೇಕು. ನರ ಸತ್ತರೂ ಕೀವು ಸಾಯುವುದಿಲ್ಲ. ಅದು ಬೇರಿನ ತುದಿಯಿಂದ ಎಲುಬಿನೊಳಗೆ ಹೊಕ್ಕು, ಸದ್ದಿಲ್ಲದೆ ತನ್ನ ದಾರಿ ಮಾಡಿಕೊಳ್ಳುತ್ತಿರುತ್ತದೆ. ಈ ಮಾತನ್ನು ಹರ್ತಿಯವರಿಗೂ ಕುರ್ತಕೋಟಿಯವರಿಗೂ ಮುಂಡರಗಿಯಿಂದ ಬಸ್ಸು ಹತ್ತಿ ಬಂದವರಿಗೂ ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ನನ್ನ ಮನೆಯಲ್ಲೇ ಇದ್ದ ಒಬ್ಬಳಿಗೆ ಮಾತ್ರ ಹೇಳಬೇಕಾದ ಹಾಗೆ ಹೇಳಲಿಲ್ಲ.

ನನ್ನವ್ವ ದ್ರಾಕ್ಷಾಯಣಿ ಬೆಟಗೇರಿಯಲ್ಲಿ ಹಾಸು ಕೆಚ್ಚುವವಳು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳು. ಅದು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿಯನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದು ಸೀರೆಯ ಹಾಸಿನಲ್ಲಿ ಎರಡೂವರೆ ಸಾವಿರ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಆ ಕಡೆಯದೊಂದು ಈ ಕಡೆಯದೊಂದು ಎತ್ತಿ ಒಮ್ಮೆ ಹೊಸೆದರೆ ಸಾಕು, ಗಂಟಿಲ್ಲದೆ ಕೂಡಿಬಿಡುತ್ತದೆ. ನಡುವೆ ಒಂದು ಎಳೆ ಜಾರಿದರೆ ಅಲ್ಲಿಂದ ಮುಂದೆ ಎಲ್ಲ ಅದಲುಬದಲು. ಈಗ ಬೆಟಗೇರಿಯಲ್ಲಿ ಈ ಕೆಲಸ ಬರುವವರು ಬೆರಳೆಣಿಕೆಯಷ್ಟು. ಕೈಮಗ್ಗದವರೂ ಪವರ್‌ಲೂಮಿನವರೂ ಅವ್ವನನ್ನು ಕರೆಯಲು ಮನೆಗೇ ಬರುತ್ತಿದ್ದರು.

ಐವತ್ತೆಂಟನೆಯ ವರ್ಷಕ್ಕೂ ಅವ್ವನಿಗೆ ಚಾಳೀಸು ಇರಲಿಲ್ಲ. ಅದರ ಸೊಕ್ಕು ಅವಳಿಗೆ ಬಹಳ. ಯಾರಾದರೂ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರೆ ಕಸಿದುಕೊಂಡು, ಅವರ ಮುಖವನ್ನೇ ನೋಡುತ್ತ ಪೋಣಿಸಿ ಕೊಡುತ್ತಿದ್ದಳು. ನಾನು ಮೂವತ್ತೆರಡಕ್ಕೇ ಕನ್ನಡಕ ಹಾಕಿದ್ದಕ್ಕೆ ನನ್ನನ್ನು ಮುದುಕಿ ಎಂದು ಕಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ತಮ್ಮ ಸುನೀಲನನ್ನೂ ಸಾಕಿದ್ದು ಆ ಎರಡು ಕಣ್ಣೇ.

ಕೆಡುಕು ಸುರುವಾದದ್ದು ಮೇಲಿನ ಬಲಗಡೆಯ ಕೋರೆಹಲ್ಲಿನಲ್ಲಿ. ನಲವತ್ತು ವರ್ಷ ಎಳೆಯನ್ನು ಅದೇ ಹಲ್ಲಿನಲ್ಲಿ ಕಚ್ಚಿ ಹರಿದದ್ದಕ್ಕೆ ಅದರ ತುದಿಯಲ್ಲಿ ಕಚ್ಚು ಬಿದ್ದಿತ್ತು. ಕಚ್ಚು ಕಪ್ಪಾಯಿತು, ಕಪ್ಪು ತೂತಾಯಿತು. ಕತ್ತರಿ ತಗೋ ಎಂದು ನಾನು ಎಷ್ಟು ಸಲ ಜಗಳವಾಡಿದ್ದೇನೋ. ಕತ್ತರಿ ಹುಡುಕುವಷ್ಟರಲ್ಲಿ ಹತ್ತು ಎಳೆ ಕೂಡಿಸುತ್ತೇನೆ ಎನ್ನುವುದು ಅವಳ ಉತ್ತರ. ಜೂನ್ ತಿಂಗಳಲ್ಲಿ ಒಂದು ದಿನ ಚಹಾ ಕುಡಿಯುತ್ತಿದ್ದವಳು ಬಟ್ಟಲು ಬಿಟ್ಟು ಗಲ್ಲ ಹಿಡಿದುಕೊಂಡು ಗೋಡೆಗೆ ಒರಗಿದಳು. ಹೆರಿಗೆಯಲ್ಲೂ ಕೂಗದವಳು ಎಂದು ಅಜ್ಜಿ ಹೇಳುತ್ತಿದ್ದಳು. ಆವತ್ತು ಕೂಗಿದಳು.

ಕೈ ಹಿಡಿದು ದವಾಖಾನೆಗೆ ಎಳೆದುಕೊಂಡು ಹೋದೆ. ನಮ್ಮ ಡಾಕ್ಟರು ಆರತಿ ಮೇಡಂ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಬೇರಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಪ್ಪು ಮಚ್ಚೆ ಇತ್ತು. ಅಂಥ ಮಚ್ಚೆಗಳನ್ನು ನಾನು ಸಾವಿರ ನೋಡಿದ್ದೇನೆ. ಅದು ಅವ್ವನ ತಲೆಬುರುಡೆಯಲ್ಲಿ ಕಂಡಾಗ ಎಕ್ಸ್‌ರೇಯ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿ ನೋಡಿದೆ.

"ನೋಡ್ರಿ ಅಮ್ಮಾ," ಎಂದರು ಮೇಡಂ. "ಹುಳುಕು ಮ್ಯಾಲೆ ಮ್ಯಾಲೆ ಇದ್ದಿದ್ರ ಕೆರದು, ಸಿಮೆಂಟ್ ತುಂಬಿ ಕಳಸ್ತಿದ್ದೆ. ಇದು ನರದ ತನಕ ಹೋಗೇದ, ಒಳಗ ಕೀವಾಗೇದ. ಈಗ ಎರಡೇ ದಾರಿ ಅವ. ಒಂದು, ರೂಟ್ ಕೆನಾಲ್ ಮಾಡಿ ಬೇರಿನ ಒಳಗಿನ ಹೊಲಸೆಲ್ಲಾ ತಗದು, ತುಂಬಿ, ಮ್ಯಾಲೆ ಟೊಪ್ಪಿಗಿ ಹಾಕೋದು. ಇಲ್ಲಾಂದ್ರ ಹಲ್ಲು ಕಿತ್ತುಬಿಡೋದು."

"ಕೀಳೂದ ಮಾತ್ರ ಬ್ಯಾಡ್ರಿ," ಎಂದಳು ಅವ್ವ. ಬಾಯಿಯಲ್ಲಿ ಕನ್ನಡಿ ಇದ್ದರೂ ಸ್ಪಷ್ಟವಾಗಿ ಹೇಳಿದಳು. "ಮ್ಯಾಲಿನ ಹಲ್ಲಿನ ಬೇರು ಕಣ್ಣಿನ ನರಕ್ಕ ಹತ್ತಿರತೈತ್ರಿ. ಹಲ್ಲ ಕಿತ್ತರ ಕಣ್ಣ ಹೋಗತಾವ."

ಮೇಡಂ ನಕ್ಕರು. ನಾನು ನಗಲಿಲ್ಲ. ಈ ಮಾತನ್ನು ನಮ್ಮ ಕಡೆ ಅರ್ಧ ಊರು ಹೇಳುತ್ತದೆ ನಿಜ. ಆದರೆ ಅವ್ವ ಅದನ್ನು ಕೇಳಿ ಕಲಿತವಳಲ್ಲ. ಅವಳಿಗೆ ಹದಿನಾಲ್ಕು ವರ್ಷವಾಗಿದ್ದಾಗ ಅವಳ ಅವ್ವ, ಅಂದರೆ ನನ್ನ ಅಜ್ಜಿ, ಮುಂಡರಗಿ ಸಂತೆಯಲ್ಲಿ ಕೂತಿದ್ದ ಒಬ್ಬನ ಹತ್ತಿರ ಮೇಲಿನ ಹಲ್ಲು ಕೀಳಿಸಿಕೊಂಡು ಬಂದಳಂತೆ. ವರ್ಷ ತುಂಬುವುದರೊಳಗೆ ಎಳೆ ಕಾಣದಂತಾಯಿತು, ಮುಂದೆ ಬಾಗಿಲೇ ಕಾಣದಂತಾಯಿತು. ಅಜ್ಜಿ ಕೂತಿದ್ದ ಜಾಗದಲ್ಲಿ ಅವ್ವ ಕೂತಳು. ಅಜ್ಜಿಯನ್ನು ಹಿತ್ತಲಿಗೆ ಕೈಹಿಡಿದು ಕರೆದೊಯ್ಯುವುದೂ ಅವಳ ಪಾಲಿಗೇ ಬಂತು. ಅದು ಕಣ್ಣಿನ ಪೊರೆ ಇದ್ದಿರಬೇಕು ಎಂದು ನಾನು ಎಷ್ಟೋ ಸಲ ಹೇಳಿದೆ. ಅಜ್ಜಿಯ ಕಣ್ಣನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲವಾದ್ದರಿಂದ ನನ್ನ ಮಾತಿಗೆ ಬಲ ಇರಲಿಲ್ಲ.

ರೂಟ್ ಕೆನಾಲ್ ಎಂದರೆ ಕೀಳುವುದಲ್ಲ, ಹಲ್ಲು ಇದ್ದಲ್ಲೇ ಇರುತ್ತದೆ ಎಂದು ಆಣೆ ಮಾಡಿ ಒಪ್ಪಿಸಿದೆ. ಮೇಡಂ ಹಲ್ಲಿಗೆ ತೂತು ಕೊರೆದಾಗ ಕೀವು ಹೊರಗೆ ಬಂತು. ವಾಸನೆಗೆ ಮಾಸ್ಕಿನೊಳಗೂ ನನ್ನ ಮುಖ ಕಿವುಚಿತು. ಆಮೇಲೆ ಕೂದಲಿನಂಥ ಸಣ್ಣ ಸೂಜಿಗಳನ್ನು ಬೇರಿನೊಳಗೆ ಇಳಿಸಿ ಉಜ್ಜಿ ಉಜ್ಜಿ ತೆಗೆದರು. ಒಂದು ಸೂಜಿ ತುದಿ ಮುಟ್ಟಿದಾಗ ಅವ್ವನ ಬಲಗಣ್ಣಿನಿಂದ ದಳದಳ ನೀರು ಸುರಿಯಿತು. ಅಲ್ಲಿ ಮುಟ್ಟಿದರೆ ಎಷ್ಟೋ ಜನರಿಗೆ ಹಾಗಾಗುತ್ತದೆ. ಒಳಗೆ ಔಷಧಿ ಇಟ್ಟು, ಮೇಲೆ ತಾತ್ಪೂರ್ತಿಕ ಸಿಮೆಂಟು ಮೆತ್ತಿ, ಐದು ದಿನದ ಗುಳಿಗೆ ಬರೆದು, ಮುಂದಿನ ವಾರ ಬರಬೇಕು ಎಂದು ಹೇಳಿ ಕಳಿಸಿದರು.

ಮೂರನೆಯ ದಿನಕ್ಕೆ ನೋವು ಪೂರ್ತಿ ಹೋಯಿತು. ಮುಂದಿನ ವಾರ ಅವ್ವ ಬರಲಿಲ್ಲ.

"ಏನವಾ, ನಡಿ," ಎಂದೆ.

"ನಾ ಬರೂದಿಲ್ಲ. ಆ ಸೂಜಿ ಕಣ್ಣಿನ ಬುಡಕ್ಕ ಹೋಗಿತ್ತು. ನನಗ ಗೊತ್ತಾತು. ಇನ್ನ ನೂಲಿನಷ್ಟ ಮ್ಯಾಲೆ ಹೋಗಿದ್ರ ಕಣ್ಣಾಗ ಚುಚ್ಚತಿದ್ಲು ನಿಮ್ಮ ಡಾಕ್ಟರ್‌ಬಾಯಿ."

"ಅರ್ಧ ಆಗೇತಿ ಅವ್ವಾ. ಹಿಂಗ ಬಿಟ್ರ ತಿರುಗಿ ಕೀವಾಗತೈತಿ."

"ನೂಸಾಕ್ಹತ್ತಿತ್ತು, ಈಗ ನೂಸೂದಿಲ್ಲ. ಮತ್ತೇನ ಅರ್ಧಾ? ನನ್ನ ಕಣ್ಣ ಹೋದ ಮ್ಯಾಲೆ ಪೂರ್ತಿ ಆಗತೈತೇನ?"

ನಾನು ಚೀರಾಡಿದೆ. ಅವಳೂ ಚೀರಾಡಿದಳು. ನಮ್ಮಿಬ್ಬರದೂ ಒಂದೇ ರಕ್ತ, ಒಬ್ಬರೂ ಸೋಲುವವರಲ್ಲ. ಕೊನೆಗೆ ಸಾಯಿ ಹೋಗು ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟುಬಂದೆ. ಸಿಟ್ಟಿನಲ್ಲಿ ಆಡಿದ ಮಾತು, ಆದರೂ ಆಡಿದ್ದು ಹೌದು.

ನಮ್ಮ ದವಾಖಾನೆಯಲ್ಲಿ ಶನಿವಾರ ಮಧ್ಯಾಹ್ನ ನನಗೆ ಒಂದು ಕೆಲಸ ಇದೆ. ರೂಟ್ ಕೆನಾಲ್ ಅರ್ಧ ಮಾಡಿಸಿ ಬರದೆ ಉಳಿದವರ ಯಾದಿ ಹಿಡಿದು ಒಬ್ಬೊಬ್ಬರಿಗೂ ಫೋನು ಮಾಡಬೇಕು. ನೋವು ಇಲ್ಲ ಎಂದು ಕೂತುಕೊಳ್ಳಬೇಡಿ, ಒಳಗೆ ಕೀವು ಬೆಳೆಯುತ್ತದೆ, ಮುಖಕ್ಕೆ ಏರುತ್ತದೆ, ಜೀವಕ್ಕೆ ಮುಳುವಾಗುತ್ತದೆ. ಈ ಮಾತು ನನಗೆ ಬಾಯಿಪಾಠ. ಲಕ್ಷ್ಮೇಶ್ವರದ ಶೇಖಸಾಬ ಎಂಬ ಮುದುಕರು ನನ್ನ ಕಾಟಕ್ಕೆ ಬೇಸತ್ತು ನಾಲ್ಕು ಸಲ ಬಂದು ಹಲ್ಲು ಮುಗಿಸಿಕೊಂಡು ಹೋದರು. ಆ ಯಾದಿಯಲ್ಲಿ ಈಗ ಅವ್ವನ ಹೆಸರೂ ಇತ್ತು. ಮೊದಲ ಶನಿವಾರ ಅದರ ಮುಂದೆ 'ಬರುತ್ತಾರೆ' ಎಂದು ಬರೆದೆ. ಎರಡನೆಯ ಶನಿವಾರವೂ ಅದನ್ನೇ ಬರೆದೆ.

ಮೂರನೆಯ ವಾರ ಮೇಡಂ ಕೇಳಿದರು. "ಕಲ್ಪನಾ, ನಿಮ್ಮ ಅವ್ವಾರು ಬರಲೇ ಇಲ್ಲಲ್ಲಾ?"

ಊರಿಗೆಲ್ಲ ಬುದ್ಧಿ ಹೇಳುವ ನನ್ನ ಅವ್ವನೇ ಓಡಿಹೋದಳು ಎಂದು ಹೇಳಲು ನನಗೆ ನಾಚಿಕೆಯಾಯಿತು. "ಹುಬ್ಬಳ್ಳಿಗೆ ಮದುವಿಗೆ ಹೋಗಿದ್ರು ಮೇಡಂ. ಅಲ್ಲೇ ಒಬ್ರ ಹತ್ರ ಪೂರಾ ಮಾಡಿಸ್ಕೊಂಡ್ರು," ಎಂದೆ.

"ಛಲೋ ಆತು. ಎಲ್ಲಿ ಆದ್ರೇನು," ಎಂದರು ಮೇಡಂ. ನಾನು ಯಾದಿಯಲ್ಲಿ ಅವ್ವನ ಹೆಸರಿನ ಮುಂದೆ 'ಮುಗಿದಿದೆ' ಎಂದು ಬರೆದೆ. ಬರೆದು, ಮುಂದಿನವರ ಸರದಿ ಕೂಗಿದೆ.

ಶ್ರಾವಣದಲ್ಲಿ ತಾತ್ಪೂರ್ತಿಕ ಸಿಮೆಂಟು ಉದುರಿತು. ಅವ್ವ ಆ ತೂತಿಗೆ ಲವಂಗದೆಣ್ಣೆಯ ಅರಳೆ ತುರುಕಿ ಯಾರಿಗೂ ಹೇಳದೆ ಇದ್ದಳು. ನಾಗರಪಂಚಮಿಗೆ ತಂಬಿಟ್ಟು ಕಟ್ಟುವಾಗ ಒಸಡು ಉಬ್ಬಿದ್ದು ನನಗೆ ಕಂಡಿತು. ದವಾಖಾನೆಗೆ ನಡೆ ಎಂದರೆ ಹೊಸ್ತಿಲಲ್ಲಿ ಕೂತುಬಿಟ್ಟಳು. ನೋವು ತಾಳದೆ ಅಳುತ್ತಿದ್ದಳು. ನೋಡಲಾರದೆ ಮರುದಿನ ದವಾಖಾನೆಯ ಸ್ಯಾಂಪಲ್ ಡ್ರಾವರಿನಿಂದ ಆರು ಕ್ಯಾಪ್ಸೂಲು ತಂದೆ, ಕೆಂಪು ಹಳದಿ ಬಣ್ಣದವು. ಕೀವಿಗೆ ಕೊಡುವ ಗುಳಿಗೆಯೇ ಅವು. ಆದರೆ ಗುಳಿಗೆ ಕೀವನ್ನು ಅಡಗಿಸುತ್ತದೆ ಅಷ್ಟೇ, ಅದರ ಗೂಡು ಹಲ್ಲಿನೊಳಗೆ ಹಾಗೇ ಇರುತ್ತದೆ. ಗೂಡು ಸ್ವಚ್ಛ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಬಾವು ಇಳಿಯಿತು. ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. "ನನ್ನ ಕಲ್ಪನಾ ಏನರ ಡಾಕ್ಟರ್‌ಗಿಂತ ಕಡಿಮಿ ಅದಾಳೇನ? ಸೂಜಿ ಇಲ್ಲ, ಚಿಮಟಾ ಇಲ್ಲ. ಆರ ಗುಳಿಗಿ, ನೋವು ಗಪ್ಪ!" ಹೇಳುವಾಗ ಅವಳ ಮುಖ ಅರಳುತ್ತಿತ್ತು. ಅದನ್ನು ಕೇಳಿ ನನಗೆ ಒಳಗೊಳಗೇ ಹಿತವಾಯಿತು. ಯಾರ ಮುಂದೆ ಏನು ಮುಚ್ಚಿಡುವುದು? ಹಿತವಾಯಿತು.

ನವರಾತ್ರಿಯಲ್ಲಿ ಮತ್ತೆ ಬಂತು. ಈ ಸಲ ಬಾವು ಒಸಡಿನಲ್ಲಿ ನಿಲ್ಲದೆ ಮೂಗಿನ ಪಕ್ಕಕ್ಕೆ ಏರಿತ್ತು. ನಕ್ಕಾಗ ಬೀಳುವ ಗೆರೆ ಬಲಗಡೆ ಅಳಿಸಿಹೋಗಿತ್ತು. ಬಟ್ಟೆಯಲ್ಲಿ ಉಪ್ಪು ಕಟ್ಟಿ ಹಂಚಿನ ಮೇಲೆ ಕಾಯಿಸಿ ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದಳು. ಹೊರಗಿನಿಂದ ಕಾವು ಕೊಟ್ಟರೆ ಕೀವು ಗಲ್ಲ ಒಡೆದುಕೊಂಡು ಹೊರಗೇ ಬರುತ್ತದೆ, ಕೊಡಬಾರದು ಎಂದು ಕಸಿದುಕೊಂಡೆ. ಮತ್ತೆ ನಾಲ್ಕು ಕ್ಯಾಪ್ಸೂಲು ತಂದುಕೊಟ್ಟೆ. ಡ್ರಾವರಿನಲ್ಲಿ ಇದ್ದದ್ದೇ ಅಷ್ಟು. ಬಾವು ಇಳಿಯಿತು, ಆದರೆ ಮೊದಲಿನಷ್ಟು ಇಳಿಯಲಿಲ್ಲ. ಮೂಗಿನ ಪಕ್ಕ ಹುಣಸೆಬೀಜದಷ್ಟು ಗಟ್ಟಿ ಉಳಿಯಿತು. ದಿನಾ ಮುಂಜಾನೆ ಅವಳು ಮುಖ ತೊಳೆಯುವಾಗ ನಾನು ಕಳ್ಳಿಯ ಹಾಗೆ ಅದನ್ನೇ ನೋಡುತ್ತಿದ್ದೆ. ದೀಪಾವಳಿ ಮುಗಿದ ಮೇಲೆ ಹೊತ್ತುಕೊಂಡಾದರೂ ಹೋಗುತ್ತೇನೆ ಎಂದು ನಿಶ್ಚಯ ಮಾಡಿದ್ದೆ. ದೀಪಾವಳಿಯ ಮುಂದೆ ಅವಳಿಗೆ ಕೈತುಂಬ ಕೆಲಸ. ಎಬ್ಬಿಸಿದರೆ ಏಳುವವಳಲ್ಲ. ಹಾಗೆ ಅಂದುಕೊಂಡು ನನ್ನನ್ನು ನಾನೇ ಸುಮ್ಮನಾಗಿಸಿದೆ.

ಹಬ್ಬಕ್ಕೆ ಎಂಟು ದಿನ ಇತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ದವಾಖಾನೆಯಲ್ಲಿ ನನ್ನ ಫೋನು ಬಡಿಯಿತು. ಪವರ್‌ಲೂಮ್ ಇಟ್ಟುಕೊಂಡಿರುವ ಅಶ್ಫಾಕ. ಅವ್ವ ಆವತ್ತು ಅವರ ಶೆಡ್ಡಿನಲ್ಲಿ ಕೆಚ್ಚಲು ಹೋಗಿದ್ದಳು.

"ಅಕ್ಕಾರ, ಸ್ವಲ್ಪ ಬರತೀರೇನ್ರಿ? ನಿಮ್ಮ ಅವ್ವಾರು ಕೆಚ್ಚಿದ್ದು ತಪ್ಪೈತಿ."

ನನಗೆ ಕೇಳಿದ್ದು ಅರ್ಥವಾಗಲಿಲ್ಲ. "ಏನ್ ತಪ್ಪೈತಿ?"

"ಎಳಿ ಬಿಟ್ಟಬಿಟ್ಟ ಕೆಚ್ಚ್ಯಾರ್ರಿ. ಒಂದಲ್ಲ ಎರಡಲ್ಲ, ಅರ್ಧಾ ಹಾಸ ಹಂಗ ಐತಿ. ಹಾಸ ಹಾಳಾದ್ರ ಆಗ್ಲಿ ಬಿಡ್ರಿ. ನಮ್ಮಪ್ಪನ ಕಾಲದಿಂದ ಅವ್ರ ಬರತಾರ, ಯಾವತ್ತೂ ಹಿಂಗ ಆಗಿಲ್ಲ. ನನಗ ಅಂಜಿಕಿ ಬಂತು, ಅದಕ್ಕ ಫೋನ್ ಹಚ್ಚೀನ್ರಿ."

ಆಟೋ ಹಿಡಿದು ಹೋದೆ. ಶೆಡ್ಡಿನ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು. ನಾನು ಹುಟ್ಟಿದಾಗಿನಿಂದ ಕೇಳಿದ ಖಟಪಟ ಆವತ್ತು ಹಗಲಿನಲ್ಲೇ ನಿಂತಿತ್ತು. ಅವ್ವ ಹಾಸಿನ ಮುಂದೆ ಕೂತಿದ್ದಳು. ಎದುರಿಗೆ ಅವಳಿಗೆ ಎಳೆ ಎತ್ತಿಕೊಡುವ ಜೊತೆಗಾತಿ ನೀಲಗಂಗವ್ವ ಕೂತಿದ್ದಳು. ನಮ್ಮ ಓಣಿಯವಳೇ, ಅವ್ವನಿಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಅಳುತ್ತಿದ್ದಳು. ಅವ್ವ ಬೂದಿ ಬೆರಳಿನಲ್ಲಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ, ಬಿಡುತ್ತ ಇದ್ದಳು.

"ಯಾರು, ಕಲ್ಪನಾನ? ಛಲೋ ಬಂದಿ," ಎಂದಳು. "ಮುಂಜಾನಿಂದ ಒಂದ ಎಳಿ ಎರಡೆರಡ ಕಾಣಾಕ್ಹತ್ತಾವ ನೋಡು. ಯಾವುದು ಖರೆ, ಯಾವುದು ಸುಳ್ಳ ಅನ್ನೂದ ತಿಳೀವಲ್ದು. ನಿನ್ನ ಗುಳಿಗಿ ಎರಡ ಕೊಡು, ಕಡಿಮಿ ಆಗತೈತಿ."

ತಿರುಗಿದಾಗ ಮುಖ ಕಂಡಿತು. ಮುಂಜಾನೆ ನಾನು ಹೊರಡುವಾಗ ಮೂಗಿನ ಪಕ್ಕ ಇದ್ದ ಬಾವು ಈಗ ಬಲಗಣ್ಣಿನ ರೆಪ್ಪೆಯನ್ನೇ ನುಂಗಿತ್ತು. ರೆಪ್ಪೆ ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಉಳಿದ ಸಂದಿಯಲ್ಲಿ ಕಂಡ ಕಣ್ಣುಗುಡ್ಡೆ ತನ್ನ ಜಾಗ ಬಿಟ್ಟು ಮುಂದಕ್ಕೆ ಬಂದಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು.

ನನ್ನ ಚೀಲದಲ್ಲಿ, ಹೊಸದಾಗಿ ಬಂದ ಸ್ಯಾಂಪಲ್ಲಿನಿಂದ ತೆಗೆದಿಟ್ಟುಕೊಂಡ ಒಂದು ಪಟ್ಟಿ ಕ್ಯಾಪ್ಸೂಲು ಇತ್ತು. ಅವಳು ಅದಕ್ಕಾಗಿ ಕೈ ಚಾಚಿದ್ದಳು. ನಾನು ಹೊರಗೆ ಓಡಿಹೋಗಿ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. ಹುಬ್ಬಳ್ಳಿಯ ಸುಳ್ಳು, ಯಾದಿಯ ಸುಳ್ಳು, ಡ್ರಾವರಿನ ಗುಳಿಗೆ.

"ಒಂದು ಎರಡಾಗಿ ಕಾಣಸ್ತದಂತ?" ಎಂದು ಕೇಳಿದರು ಮೇಡಂ.

"ಹೂಂ ಮೇಡಂ."

"ಕೀವು ಕಣ್ಣಿನ ಹಿಂದ ಹೋಗೇದ ಕಲ್ಪನಾ. ಇಲ್ಲಿ ಕರಕೊಂಡು ಬರಬ್ಯಾಡ. ನಿಂತ ಕಾಲಮ್ಯಾಲೆ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೊಂಡು. ನಾ ಅಲ್ಲಿ ಡಾಕ್ಟರ್‌ಗೆ ಹೇಳಿರ್ತೀನಿ." ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುದ್ದಿ ತಿಳಿದು ಓಡಿಬಂದ ತಮ್ಮ ಸುನೀಲ ಅಶ್ಫಾಕನ ಕಾರನ್ನೇ ತೆಗೆದುಕೊಂಡು ಓಡಿಸಿದ. ಅಣ್ಣಿಗೇರಿ ದಾಟುವವರೆಗೂ ಅವ್ವ ಮಾತಾಡುತ್ತಿದ್ದಳು. ಅಶ್ಫಾಕನ ಹಾಸು ಬಿಚ್ಚಿ ಮತ್ತೆ ಕೆಚ್ಚಿಕೊಡಬೇಕು, ನೀಲಗಂಗವ್ವನ ಕೈಗೆ ಬಿಡಬಾರದು ಎಂದು. ಆಮೇಲೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುವ ಸದ್ದು ಕೇಳಿಸುತ್ತಿತ್ತು. ರಸ್ತೆಯ ಎರಡೂ ಕಡೆ ಕರಿಹೊಲ ಬಿಸಿಲಿಗೆ ಬಿದ್ದಿತ್ತು. ಬೇಗ ಬೇಗ ಎಂದು ನಾನು ಸುನೀಲನ ಬೆನ್ನಿಗೆ ಗುದ್ದುತ್ತಿದ್ದೆ. ದೇವರೇ, ಕಣ್ಣೊಂದು ಉಳಿಸು, ನನ್ನದು ಬೇಕಾದರೆ ತಗೋ ಎಂದು ಬೇಡಿಕೊಂಡೆ. ಅದೂ ನಾಟಕವೇ ಏನೋ. ಯಾರೂ ಬಂದು ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿದ್ದಾಗ ಅಂಥ ಮಾತು ಸುಲಭವಾಗಿ ಬರುತ್ತದೆ.

ದವಾಖಾನೆಯಲ್ಲಿ ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ಸಕ್ಕರೆ ಮುನ್ನೂರ ತೊಂಬತ್ತು. ಅವಳಿಗೆ ಸಕ್ಕರೆ ಕಾಯಿಲೆ ಇದೆ ಎಂದೇ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೀವು ಅಷ್ಟು ಬೇಗ ಏರಿದ್ದಕ್ಕೆ ಅದೂ ಕಾರಣ ಎಂದರು. ಆಪರೇಶನ್ ಮಾಡುವ ಡಾಕ್ಟರು ಚಿಕ್ಕ ವಯಸ್ಸಿನವರು. ಅವ್ವನ ಊದಿದ ರೆಪ್ಪೆಯನ್ನು ಎರಡು ಬೆರಳಿನಿಂದ ಬಿಡಿಸಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬ್ಯಾಟರಿಯ ಬೆಳಕನ್ನು ನೇರವಾಗಿ ಬಲಗಣ್ಣಿಗೆ ಬಿಟ್ಟರು. ಬೆಳಕು ಅವಳ ಕಣ್ಣಿನ ಮೇಲೆ ಬಿದ್ದದ್ದು ನನಗೆ ಕಾಣುತ್ತಿತ್ತು.

"ಹಚ್ಚರಲ್ಲಾ ಬ್ಯಾಟರಿ," ಎಂದಳು ಅವ್ವ. "ಎಷ್ಟೊತ್ತು ಹಿಂಗ ಹಿಡಕೊಂಡ ಕುಂಡರತೀರಿ?"

ಡಾಕ್ಟರು ನನ್ನ ಮುಖ ನೋಡಿದರು.

ಹೊರಗೆ ಕರೆದು ಹೇಳಿದರು. ಕಣ್ಣಿನ ಹಿಂದಿನ ಕೀವು ತೆಗೆಯಬೇಕು. ಹಲ್ಲನ್ನೂ ಈಗಲೇ ಕೀಳಬೇಕು, ಮೂಲ ಅದೇ. ತಡ ಮಾಡಿದರೆ ಮಿದುಳಿಗೆ ಏರುತ್ತದೆ, ಜೀವ ಉಳಿಯುವುದಿಲ್ಲ. ಕಣ್ಣಿನ ಆಸೆ ಇಟ್ಟುಕೊಳ್ಳಬೇಡಿ, ನರ ಆಗಲೇ ಹೋಗಿದೆ. ನಾನು ಒಳಗೆ ಹೋದಾಗ ನರ್ಸು ಅವ್ವನಿಗೆ ಹಲ್ಲು ಕೀಳುವ ವಿಷಯ ಹೇಳಿಬಿಟ್ಟಿದ್ದಳು. ಅವ್ವ ನನ್ನ ಕೈ ಹಿಡಿದಳು. ಅವಳ ಬೆರಳಿನ ಬೂದಿ ನನ್ನ ಮುಂಗೈಗೆ ಹತ್ತಿತು.

"ಹಲ್ಲ ಕೀಳಸಬ್ಯಾಡ ಕಲ್ಪನಾ. ಬಾವ ಕೊಯ್ಯಲಿ, ಏನರ ಮಾಡಲಿ, ಹಲ್ಲ ಬಿಡ ಅನ್ನು. ನಿನ್ನ ಕಾಲ ಬೀಳತೀನಿ. ಕಣ್ಣ ಹೋದ್ರ ನಾ ಏನ್ ಮಾಡ್ಲಿ? ಯಾರ ಕೈ ಹಿಡಕೊಂಡ ಹಿತ್ತಲಕ್ಕ ಹೋಗ್ಲಿ?"

ಕಣ್ಣು ಹೋಗಿದೆ ಎಂದು ಆಗ ಹೇಳಬೇಕಾಗಿತ್ತು. "ಏನೂ ಆಗೂದಿಲ್ಲ ಅವ್ವಾ," ಎಂದೆ. ಹೊರಗೆ ಬಂದು ಕಾಗದಕ್ಕೆ ಸಹಿ ಹಾಕಿದೆ.

ಜೀವ ಉಳಿಯಿತು. ಹದಿನೆಂಟು ದಿನದ ಮೇಲೆ ಮನೆಗೆ ಬಂದೆವು. ಬಲಗಣ್ಣು ಇದ್ದಲ್ಲೇ ಇದೆ, ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಅದರಲ್ಲಿ ಹಗಲೂ ಇಲ್ಲ, ಕತ್ತಲೆಯೂ ಇಲ್ಲ ಎನ್ನುತ್ತಾಳೆ. ಒಂದೇ ಕಣ್ಣಿಗೆ ಎಳೆ ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲವಂತೆ. ಕೈ ಹಾಕಿದರೆ ಎಳೆಯ ಮುಂದೆಯೋ ಹಿಂದೆಯೋ ಬೀಳುತ್ತದೆ. ಎರಡು ದಿನ ಹಟ ಹಿಡಿದು ಕೂತು ನೋಡಿದಳು. ಮೂರನೆಯ ದಿನ ಬೂದಿಯ ಬಟ್ಟಲನ್ನು ಹಿತ್ತಲಿಗೆ ಒಯ್ದು ಸುರಿದು ಬಂದಳು.

ಮಾತಾಡಿಸಲು ಬಂದವರಿಗೆಲ್ಲ ಅವ್ವ ಒಂದೇ ಕಥೆ ಹೇಳಿದಳು. "ಹಲ್ಲ ಇರೂತನಾ ಕಣ್ಣ ಇತ್ತು. ಎರಡೆರಡ ಕಾಣತಿತ್ತು ಖರೆ, ಆದ್ರ ಕಾಣತಿತ್ತಲ್ಲಾ? ಹಲ್ಲ ಕಿತ್ತರು, ಎಚ್ಚರಾಗಿ ನೋಡತೀನಿ, ಕಣ್ಣ ಇಲ್ಲ. ನಮ್ಮವ್ವಗೂ ಹಿಂಗ ಆಗಿತ್ತು." ಯಾರೂ ಅಡ್ಡ ಮಾತಾಡಲಿಲ್ಲ. ಎರಡು ತಲೆಮಾರಿನ ಸಾಕ್ಷಿ ಕಣ್ಣೆದುರಿಗೇ ಇರುವಾಗ ಏನು ಮಾತಾಡುತ್ತಾರೆ? ಆ ತಿಂಗಳು ಬೆಟಗೇರಿಯಿಂದ ಬರಬೇಕಾಗಿದ್ದ ಏಳು ಮಂದಿ ನಮ್ಮ ದವಾಖಾನೆಗೆ ಬರಲಿಲ್ಲ. ಫೋನು ಮಾಡಿದರೆ, ದ್ರಾಕ್ಷಾಯಣಕ್ಕನ ಮಗಳೇ ಹೀಗೆ ಕರೆಯುತ್ತಾಳಲ್ಲ ಎಂದು ಇಟ್ಟುಬಿಟ್ಟರು.

ಮೊನ್ನೆ ಸಂಜೆ ನೀಲಗಂಗವ್ವ ಬಂದಳು. ಸೆರಗನ್ನು ಗಲ್ಲಕ್ಕೆ ಒತ್ತಿಕೊಂಡಿದ್ದಳು. ನಾನು ಅಕ್ಕಿ ಆರಿಸುತ್ತಿದ್ದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು.

"ಕಲ್ಪನಾ, ನಿಮ್ಮವ್ವಗ ಕೊಡತಿದ್ದಿ ಅಲ್ಲಾ, ಕೆಂಪ ಹಳದಿ ಗುಳಿಗಿ, ನಾಕ ಕೊಡವಾ. ಎರಡ ದಿನ ಆತು, ಅನ್ನ ಇಲ್ಲ, ನಿದ್ದಿ ಇಲ್ಲ."

"ಕೊಡು, ಜಲ್ದಿ ಕೊಡು," ಎಂದಳು ಅವ್ವ. "ಎಷ್ಟ ಛಲೋ ಗುಳಿಗಿ ಅವು. ಅವನ್ನ ತಗೊಳ್ಳಾಕ್ಹತ್ತಿದಾಗ ನನಗ ಏನೂ ಆಗಿರಲಿಲ್ಲ."

ಅಕ್ಕಿಯ ಮೊರ ಎತ್ತಿ ಎಸೆದೆ. ಅಕ್ಕಿ ಮನೆಯೆಲ್ಲ ಚೆಲ್ಲಿತು. "ಆ ಗುಳಿಗಿನ ನಿನ್ನ ಕಣ್ಣ ತಿಂದಾವ!" ಎಂದು ಕೂಗಿದೆ. "ಕೇಳಸ್ತೇನ ಅವ್ವಾ? ಹಲ್ಲ ಕೀಳೂಕ್ಕಿಂತ ಮೊದಲ ನಿನ್ನ ಕಣ್ಣ ಹೋಗಿತ್ತು. ಡಾಕ್ಟರು ಬ್ಯಾಟರಿ ಹಚ್ಚಿದ್ರು, ನಿನಗ ಕಾಣಲಿಲ್ಲ. ನಾ ನೋಡೀನಿ. ಗುಳಿಗಿ ಕೊಟ್ಟ ಕೊಟ್ಟ ಕೀವ ಮುಚ್ಚಿಟ್ಟಾಕಿ ನಾನು. ಎಲ್ಲಾ ಗೊತ್ತಿದ್ದೂ ಕೊಟ್ಟೆ. ಮೇಡಂಗೆ ಸುಳ್ಳ ಹೇಳಿದೆ. ನಿನ್ನ ಕಣ್ಣ ತಗದಾಕಿ ನಾನು."

ಅವ್ವ ಒಂದೇ ಕಣ್ಣಿಗೆ ಅಳತೆ ಸಿಗದೆ ನೆಲ ತಡವುತ್ತ, ಅಕ್ಕಿಯ ಮೇಲೆ ಕೈಯೂರುತ್ತ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ಮುಖ ಮುಂದೆ ಮಾಡಿದೆ. ಅವಳು ನನ್ನ ತಲೆ ಸವರಿದಳು.

"ಹುಚ್ಚಿ, ಡಾಕ್ಟರ್‌ಮಂದಿ ಮಾಡಿದ ತಪ್ಪ ಎಲ್ಲಾ ತನ್ನ ಮ್ಯಾಲೆ ಹಾಕ್ಕೊಳ್ಳಾಕ್ಹತ್ತಾಳ ನೋಡ ನೀಲಗಂಗಾ. ಆ ದವಾಖಾನಿ ಅನ್ನ ತಿಂತಾಳಲ್ಲಾ, ಮತ್ತೇನ ಹೇಳಬೇಕು ಪಾಪ," ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ, "ನೀ ಸಹಿ ಮಾಡಿದ್ದಕ್ಕ ನನಗ ಸಿಟ್ಟಿಲ್ಲವಾ. ಅಂಜಿ ಮಾಡಿದಿ. ಬಿಡು, ಆತು," ಎಂದಳು.

ನಾನು ಅವಳ ಎರಡೂ ಭುಜ ಹಿಡಿದು ಅಲುಗಿಸಿದೆ. ಮೇಡಂ ಹತ್ತಿರ ಕೇಳು, ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕೇಳು ಎಂದೆ. ಅವ್ವ ಹೂಂ ಹೂಂ ಎನ್ನುತ್ತ ನನ್ನ ಕಣ್ಣೀರು ಒರೆಸಿದಳು. ಮಕ್ಕಳಿಗೆ ಜ್ವರ ನೆತ್ತಿಗೇರಿದಾಗ ಹೂಂ ಎನ್ನುತ್ತಾರಲ್ಲ, ಹಾಗೆ. ನಂತರ ದಿಂಬಿನ ಕೆಳಗೆ ಕೈ ಹಾಕಿ ಒಂದು ಖಾಲಿ ಗುಳಿಗೆಪಟ್ಟಿ ತೆಗೆದಳು. ಓದು ಬಾರದವಳು, ಹೆಸರು ಬೇಕಾದೀತು ಎಂದು ಜೋಪಾನ ಮಾಡಿಟ್ಟಿದ್ದಳು. ನೀಲಗಂಗವ್ವನ ಕೈಗೆ ಇಟ್ಟು, "ಅಂಗಡ್ಯಾಗ ಇದನ್ನ ತೋರಸು, ಕೊಡತಾರ. ಹಲ್ಲಿಗೆ ಮಾತ್ರ ಯಾರಿಗೂ ಕೈ ಹಚ್ಚಾಕ ಕೊಡಬ್ಯಾಡ," ಎಂದಳು.

ನಾನು ಕಸಿದುಕೊಳ್ಳಲು ಹೋದೆ. ಅವ್ವ ನನ್ನ ಸೆರಗು ಹಿಡಿದುಕೊಂಡಳು, ಅಷ್ಟರಲ್ಲಿ ನೀಲಗಂಗವ್ವ ಪಟ್ಟಿ ಹಿಡಿದು ಹೊರಟುಹೋದಳು. ಬಿಡಿಸಿಕೊಂಡು ಚಪ್ಪಲಿಯೂ ಇಲ್ಲದೆ ಓಣಿಯ ತುದಿಯ ಔಷಧಿ ಅಂಗಡಿಗೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಅಂಗಡಿಯವನು ನಾಲ್ಕು ಕ್ಯಾಪ್ಸೂಲು ಕತ್ತರಿಸಿ ಕೊಟ್ಟಿದ್ದ. ನೀಲಗಂಗವ್ವ ಅಲ್ಲೇ ನೀರು ಇಸಿದುಕೊಂಡು ಒಂದನ್ನು ನುಂಗಿದಳು. ಎಳೆದೆಳೆದು ಸೆರಗು ಸರಿಸಿ ನೋಡಿದೆ, ಬಾವು ಮೇಲಿನ ಕೋರೆಹಲ್ಲಿನ ಮೇಲೆಯೇ ಇತ್ತು, ಎಡಗಡೆ.